4×5ಗೆ ಮೊದಲ ಲೆನ್ಸ್: 90 ತಗೊಳ್ಳಲಾ, 150 ತಗೊಳ್ಳಲಾ?

ಹೆಂಚಿನಮನೆ:

ಎಲ್ಲರಿಗೂ ನಮಸ್ಕಾರ. ಒಂದು ಮರದ 4×5 ಫೀಲ್ಡ್ ಕ್ಯಾಮೆರಾ (4×5 ಇಂಚಿನ ಬಿಡಿ ಫಿಲ್ಮ್ ಹಾಳೆ ಹಾಕುವಂಥದ್ದು) ಕೈಗೆ ಬಂದಿದೆ. ಬೆಲೋಸ್ (ಮುಂಭಾಗ ಹಿಂಭಾಗದ ನಡುವಿನ ಮಡಿಕೆ ಚೀಲ) ಪೂರ್ತಿ ಎಳೆದರೆ ಸುಮಾರು 300 ಎಂಎಂ ಬರುತ್ತದೆ. ಮುಂಭಾಗ ಮೇಲಕ್ಕೆ ಏಳುತ್ತದೆ, ವಾಲುತ್ತದೆ, ಲಿನ್‌ಹಾಫ್ ಟೆಕ್ನಿಕಾ ಅಳತೆಯ ಬೋರ್ಡ್ (ಲೆನ್ಸ್ ಬಿಗಿಯುವ ಹಲಗೆ) ಕೂರುತ್ತದೆ. ಲೆನ್ಸ್ ಮಾತ್ರ ಇಲ್ಲ.

ನನಗೆ ತೆಗೆಯಬೇಕಾಗಿರುವುದು ಹಳೇ ಮನೆಗಳು. ಬಸವನಗುಡಿ, ಮಲ್ಲೇಶ್ವರಂ, ಚಾಮರಾಜಪೇಟೆ ಕಡೆ ಇನ್ನೂ ಉಳಿದಿರುವ ಹೆಂಚಿನ ಮನೆಗಳು, ಮಂಕಿ ಟಾಪ್ ಕಿಟಕಿಗಳು, ಕಂಬದ ಜಗಲಿಗಳು. 1898ರ ಪ್ಲೇಗಿನ ಕಾಲಕ್ಕೆ ಎದ್ದ ಬಡಾವಣೆಗಳಲ್ಲಿ ಆ ಕಾಲದ ನೆನಪಿರುವ ಮನೆ ಈಗ ಬೀದಿಗೆ ಒಂದು ಸಿಕ್ಕರೆ ಹೆಚ್ಚು. ನೋಡನೋಡುತ್ತಾ ಒಡೆದು ಅಪಾರ್ಟ್‌ಮೆಂಟ್ ಎಬ್ಬಿಸುತ್ತಿದ್ದಾರೆ, ಹಾಗಾಗಿ ಕಾಯುವುದಕ್ಕೆ ಸಮಯವಿಲ್ಲ. ಜೊತೆಗೆ ಹಲಸೂರು ಸೋಮೇಶ್ವರ ದೇವಸ್ಥಾನದ ಗೋಪುರವನ್ನು ಒಮ್ಮೆ ಸರಿಯಾಗಿ ತೆಗೆಯಬೇಕು ಅಂತ ಆಸೆ. ಆಮೇಲೆ ನಮ್ಮ ಅಜ್ಜಿಯ ಒಂದು ಪೋರ್ಟ್ರೇಟ್.

ಸದ್ಯಕ್ಕೆ ಒಂದೇ ಲೆನ್ಸಿಗೆ ದುಡ್ಡಿದೆ. ಎರಡು ಕಣ್ಣಿಗೆ ಬಿದ್ದಿವೆ. ಒಂದು ಊರಿನಲ್ಲೇ ಸಿಗುತ್ತಿರುವ ಷ್ನೈಡರ್ ಆಂಗ್ಯುಲಾನ್ 90 ಎಂಎಂ ಎಫ್ 6.8, ಬೆಲೆ ತುಂಬಾ ಕಡಿಮೆ, ಅಂಗೈಯಲ್ಲಿ ಮುಚ್ಚಿಕೊಳ್ಳುವಷ್ಟು ಪುಟ್ಟದು. ಇನ್ನೊಂದು ಜಪಾನಿನಿಂದ ತರಿಸಬೇಕಾದ ಸಿಮ್ಮಾರ್-ಎಸ್ 150 ಎಂಎಂ ಎಫ್ 5.6, ಕಸ್ಟಮ್ಸ್ ಸೇರಿದರೆ ಕೈ ಕಚ್ಚುತ್ತದೆ. ಯಾವ ಲೆನ್ಸ್ ಜಾಸ್ತಿ ಶಾರ್ಪ್ ಅಂತ ಓದಿ ಓದಿ ತಲೆ ಕೆಟ್ಟಿದೆ. ಇಮೇಜ್ ಸರ್ಕಲ್ ಅಂತ ಎಲ್ಲರೂ ಹೇಳುತ್ತಾರೆ. ಅದು ನನ್ನ ಕೆಲಸಕ್ಕೆ ಎಷ್ಟು ಮುಖ್ಯ? ಬಳಸಿದವರು ಹೇಳಿ.

ಕಪ್ಪುಬಟ್ಟೆ:

ಶಾರ್ಪ್ ವಿಚಾರ ಮೊದಲು ಪಕ್ಕಕ್ಕಿಡಿ. ಕಳೆದ ಐವತ್ತು ವರ್ಷದಲ್ಲಿ ಷ್ನೈಡರ್, ರೋಡೆನ್‌ಸ್ಟಾಕ್, ನಿಕಾನ್, ಫ್ಯೂಜಿ ಈ ನಾಲ್ವರು ಮಾಡಿದ ಯಾವ ಮಲ್ಟಿಕೋಟೆಡ್ ಲೆನ್ಸ್ ಆದರೂ ಎಫ್ 22ರಲ್ಲಿ (ಲೆನ್ಸಿನ ಕಿಂಡಿ ಚೆನ್ನಾಗಿ ಕಿರಿದು ಮಾಡಿದಾಗ) 4×5 ಹಾಳೆಗೆ ಬೇಕಾದದ್ದಕ್ಕಿಂತ ಹೆಚ್ಚೇ ಕೊಡುತ್ತದೆ. ನೀವು ಕಟ್ಟಡ ತೆಗೆಯುವವರು. ನಿಮಗೆ ನೋಡಬೇಕಾದದ್ದು ಎರಡೇ: ನಿಲ್ಲಲು ಎಷ್ಟು ಜಾಗ ಇದೆ, ಲೆನ್ಸ್ ಬೀಳಿಸುವ ಬೆಳಕಿನ ವೃತ್ತ, ಅಂದರೆ ನೀವು ಕೇಳಿದ ಇಮೇಜ್ ಸರ್ಕಲ್, ಎಷ್ಟು ದೊಡ್ಡದು.

4×5 ಹಾಳೆಯಲ್ಲಿ ನಿಜಕ್ಕೂ ಚಿತ್ರ ಬೀಳುವ ಜಾಗ ಸುಮಾರು 95×120 ಎಂಎಂ. ಮೂಲೆಯಿಂದ ಮೂಲೆಗೆ 153. ಆಂಗ್ಯುಲಾನ್ ಎಫ್ 6.8ರ ವೃತ್ತ ಸುಮಾರು 154. ಅಂದರೆ ಹಾಳೆ ಅದರೊಳಗೆ ಕೂರುತ್ತದೆ ಅಷ್ಟೇ, ಅಲುಗಾಡಲು ಜಾಗವೇ ಇಲ್ಲ. ಲೆನ್ಸ್ ಸ್ವಲ್ಪ ಮೇಲೆತ್ತಿದಿರೋ ಮೂಲೆಗಳು ಕಪ್ಪಾಗುತ್ತವೆ.

ಈಗ ಗೋಪುರಕ್ಕೆ ಬನ್ನಿ. ಸುಮ್ನೆ ಲೆಕ್ಕಕ್ಕೆ 20 ಮೀಟರ್ ಎತ್ತರ ಅಂದುಕೊಳ್ಳಿ, ನೀವು 20 ಮೀಟರ್ ದೂರ ನಿಂತಿದ್ದೀರಿ, ಕ್ಯಾಮೆರಾ ನೆಲದಿಂದ ಒಂದೂವರೆ ಮೀಟರ್ ಮೇಲಿದೆ. ಗೋಪುರದ ಗೆರೆಗಳು ನೆಟ್ಟಗೆ ಬರಬೇಕಾದರೆ ಗ್ರೌಂಡ್ ಗ್ಲಾಸ್ (ಚಿತ್ರ ಮೂಡುವ ಹಿಂದಿನ ಗಾಜು) ನೆಟ್ಟಗೇ ನಿಲ್ಲಬೇಕು, ಕ್ಯಾಮೆರಾದ ಮೂತಿ ಮೇಲೆತ್ತುವ ಹಾಗಿಲ್ಲ. ಎತ್ತಿದರೆ ಎರಡೂ ಬದಿ ಒಳಕ್ಕೆ ವಾಲುತ್ತವೆ. ಹಾಗಾಗಿ ಲೆನ್ಸನ್ನೇ ಮೇಲಕ್ಕೆ ಜರುಗಿಸಬೇಕು. 90ರಲ್ಲಿ ಕಳಶದ ತುದಿ ಲೆನ್ಸಿನ ನಡುವಿನಿಂದ 83 ಎಂಎಂ ದೂರದಲ್ಲಿ ಬೀಳುತ್ತದೆ. ಹಾಳೆ ನಿಲ್ಲಿಸಿ ಹಾಕಿದರೆ ನಡುವಿನಿಂದ ಅಂಚಿಗೆ ಇರುವುದು 60 ಎಂಎಂ. ಉಳಿದ 23 ಎಂಎಂ ಲೆನ್ಸ್ ಮೇಲೆತ್ತಬೇಕು, ಇದಕ್ಕೇ ರೈಸ್ ಅನ್ನುವುದು. ಆಗ ದೂರದ ಮೂಲೆ ಮುಟ್ಟಲು ಬೇಕಾಗುವ ವೃತ್ತ 191 ಎಂಎಂ. ಆಂಗ್ಯುಲಾನ್ ಎಲ್ಲಿ, ಇದೆಲ್ಲಿ? ಅದೇ 90ರಲ್ಲಿ ಸೂಪರ್ ಆಂಗ್ಯುಲಾನ್ ಎಫ್ 8 ತೆಗೆದುಕೊಂಡರೆ 216 ಸಿಗುತ್ತದೆ. ನಿಕ್ಕರ್-ಎಸ್‌ಡಬ್ಲ್ಯೂ ಎಫ್ 8ರಲ್ಲಿ 235.

150 ಹಾಕಿ ಇದೇ ಜಾಗದಲ್ಲಿ ನಿಂತರೆ ತುದಿ 139 ಎಂಎಂಗೆ ಹೋಗುತ್ತದೆ. ಅಷ್ಟು ರೈಸ್ ಯಾವ ಮರದ ಕ್ಯಾಮೆರಾವೂ ಕೊಡುವುದಿಲ್ಲ. ಸಿಮ್ಮಾರ್-ಎಸ್ 150ರ ವೃತ್ತ 210 ಇದೆ, ಒಳ್ಳೆಯದೇ, ಆದರೆ ಅದರಲ್ಲಿ ಪೂರ್ತಿ ಗೋಪುರ ಬರಬೇಕಾದರೆ ನೀವು ಗೋಪುರದಿಂದ 30 ಮೀಟರ್ ದೂರಕ್ಕೆ ಹೋಗಬೇಕು. ಹಿಂದೆ ಹೋದಷ್ಟೂ ನಡುವೆ ಆಟೋ, ವೈರು, ಅಂಗಡಿ ಬೋರ್ಡು.

ಒಂದು ಎಚ್ಚರಿಕೆ. ಎಫ್ 6.8 ಅಂತ ಕಂಡ ಕೂಡಲೇ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ರೋಡೆನ್‌ಸ್ಟಾಕ್‌ನ ಗ್ರಾಂಡಗಾನ್-ಎನ್ 90 ಕೂಡ ಎಫ್ 6.8. ಆದರೆ ಅದರ ವೃತ್ತ 221. ಅದು ಸಿಕ್ಕರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ.

ಯಾರ ಮಾತನ್ನೂ, ನನ್ನ ಮಾತನ್ನೂ ಸೇರಿಸಿ, ನಂಬುವ ಮೊದಲು ಒಂದು ಕೆಲಸ ಮಾಡಿ. ದಪ್ಪ ರಟ್ಟಿನಲ್ಲಿ 95×120 ಎಂಎಂ ಕಿಂಡಿ ಕತ್ತರಿಸಿ. ಕೆಳಗೆ ಒಂದು ದಾರ ಕಟ್ಟಿ. ರಟ್ಟಿನಿಂದ 90, 135, 150, 210 ಎಂಎಂ ದೂರಕ್ಕೆ ಒಂದೊಂದು ಗಂಟು ಹಾಕಿ. ಗಂಟನ್ನು ಕಣ್ಣಿನ ಕೆಳಗೆ ಕೆನ್ನೆಗೆ ಒತ್ತಿ ಹಿಡಿದು, ಒಂದೇ ಕಣ್ಣಿನಲ್ಲಿ ಕಿಂಡಿಯಿಂದ ನೋಡಿ. ಆ ಲೆನ್ಸ್ ಏನು ನೋಡುತ್ತದೋ ಅದೇ ನಿಮಗೂ ಕಾಣುತ್ತದೆ. ರಟ್ಟನ್ನು ನೆಟ್ಟಗೆ ಹಿಡಿದು ಮೇಲಕ್ಕೆ ಜರುಗಿಸಿದರೆ ರೈಸ್ ಕೂಡ ಗೊತ್ತಾಗುತ್ತದೆ. ನಿಮಗೆ ಬೇಕಾದ ಮನೆಗಳ ಮುಂದೆ ನಿಂತು ನೋಡಿ, ಆಮೇಲೆ ದುಡ್ಡು ಬಿಚ್ಚಿ.

ಜಯನಗರ ಫೋರ್ತ್ ಬ್ಲಾಕ್:

ನಾನು 150 ಪಾರ್ಟಿ. ಮೊದಲ ಲೆನ್ಸಿಗೆ 90 ಕಷ್ಟ ಆಗುತ್ತದೆ ಕಣ್ರೀ. ಎಫ್ 8 ಲೆನ್ಸು, ಗ್ರೌಂಡ್ ಗ್ಲಾಸಿನ ನಡುವೆ ಬೆಳಕಿರುತ್ತದೆ, ಮೂಲೆಗಳು ಕತ್ತಲು. ಸಂಜೆ ಹೊತ್ತು ದೇವಸ್ಥಾನದ ಪ್ರಾಕಾರದೊಳಗೆ ಕಪ್ಪು ಬಟ್ಟೆ ಹೊದ್ದು ಫೋಕಸ್ ಹುಡುಕುತ್ತಾ ಕೂತರೆ ಬೆನ್ನು ಹೋಗುತ್ತದೆ. 150 ಎಫ್ 5.6 ಹಾಕಿ ನೋಡಿ, ಇಡೀ ಗಾಜು ಬೆಳಗುತ್ತದೆ. ಟಿಲ್ಟ್ (ಲೆನ್ಸ್ ವಾಲಿಸುವುದು) ಕಲಿಯುವುದಕ್ಕೂ ಅದೇ ಸುಲಭ. ಮನೆಯ ಇಡೀ ಮುಖವೇ ಯಾಕೆ ಬೇಕು? ಒಂದು ಬಾಗಿಲು, ಒಂದು ಕಂಬ, ಜಗಲಿಯ ಮೂಲೆ, ಕಿಟಕಿಯ ಮರದ ಕೆತ್ತನೆ ತೆಗೆಯಿರಿ. ಆ ಚಿತ್ರಗಳೇ ಜಾಸ್ತಿ ಮಾತಾಡುತ್ತವೆ ಅನ್ನುವುದು ನನ್ನ ಅನಿಸಿಕೆ. ಮತ್ತೆ 90ರಲ್ಲಿ ಅಜ್ಜಿಯ ಮುಖ ತೆಗೆದರೆ ಮೂಗು ಮೊದಲು ಬರುತ್ತದೆ, ಅಜ್ಜಿ ಆಮೇಲೆ.

ಹಳೇ ಸ್ಟುಡಿಯೋ:

ಯಾವುದನ್ನಾದರೂ ತೆಗೆದುಕೊಳ್ಳಿ, ನೋಡಿ ತೆಗೆದುಕೊಳ್ಳಿ. ನಿಕಾನ್ 2006ರಲ್ಲೇ ಲಾರ್ಜ್ ಫಾರ್ಮ್ಯಾಟ್ ಲೆನ್ಸ್ ನಿಲ್ಲಿಸಿತು. ಈಗ ನಮ್ಮ ಕೈಗೆ ಬರುವುದೆಲ್ಲ ಇನ್ನೊಬ್ಬರು ಬಳಸಿದ್ದೇ. ಅದರಲ್ಲಿ ತಪ್ಪೇನಿಲ್ಲ, ನೋಡುವ ಕ್ರಮ ಗೊತ್ತಿರಬೇಕು.

ಮೊಬೈಲ್ ಟಾರ್ಚನ್ನು ಹಿಂದಿನಿಂದ ಓರೆಯಾಗಿ ಹಾಯಿಸಿ. ಒಂದೆರಡು ಧೂಳಿನ ಕಣಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಫಂಗಸ್, ವಾಪಸ್ ಕೊಟ್ಟುಬಿಡಿ. ನಮ್ಮೂರಿನಲ್ಲಿ ಜೂನ್‌ನಿಂದ ನವೆಂಬರ್‌ವರೆಗೆ ಬೀರುವಿನ ಬಟ್ಟೆಯೇ ಥಂಡಿ ಹಿಡಿಯುತ್ತದೆ, ಚರ್ಮದ ಚೀಲದಲ್ಲಿ ಮುಚ್ಚಿಟ್ಟ ಲೆನ್ಸ್ ಬಿಡುತ್ತದೆಯೇ? ಗಾಜಿನ ಅಂಚಿನಲ್ಲಿ ಎಣ್ಣೆ ನೀರಿನ ಮೇಲೆ ಹರಡಿದಂತೆ ಬಣ್ಣ ಕಂಡರೆ ಎರಡು ಗಾಜು ಅಂಟಿಸಿದ ಅಂಟು ಬಿಡುತ್ತಿದೆ ಅಂತ ಅರ್ಥ. ಅಂಚಿನಲ್ಲಿ ಮಾತ್ರ ಇದ್ದರೆ ಚಿತ್ರಕ್ಕೆ ಹೆಚ್ಚು ತೊಂದರೆಯಿಲ್ಲ, ಬೆಲೆ ಇಳಿಸಿ ಕೇಳಬಹುದು. ಷ್ನೈಡರ್ ಲೆನ್ಸುಗಳಲ್ಲಿ ಅಂಚಿನ ಕಪ್ಪು ಬಣ್ಣದಲ್ಲಿ ಬಿಳಿ ಚುಕ್ಕಿಗಳು ಬರುತ್ತವೆ. ಅದು ಒಳಗಿನ ಬಣ್ಣ ಬಿಡುವುದು ಅಷ್ಟೇ, ಫಂಗಸ್ ಅಲ್ಲ. ಮುಂದಿನ ಗಾಜು, ಹಿಂದಿನ ಗಾಜು ಎರಡೂ ಒಂದೇ ಲೆನ್ಸಿನವಾ ಅಂತ ಕೇಳಿ. ಬೇರೆ ಬೇರೆ ಲೆನ್ಸಿನ ಭಾಗ ಸೇರಿಸಿ ಮಾರುವವರೂ ಇದ್ದಾರೆ.

ಗಾಜಿಗಿಂತ ಶಟರ್ ಮುಖ್ಯ. ಎಲ್ಲರೂ 1/400, 1/500 ಹೊಡೆದು "ಸರಿ ಇದೆ" ಅನ್ನುತ್ತಾರೆ. ನೀವು ಆ ಸ್ಪೀಡ್ ಮುಟ್ಟುವುದೇ ಅಪರೂಪ. ನೆರಳಿನಲ್ಲಿರುವ ಮನೆ, 100 ಸ್ಪೀಡಿನ ಫಿಲ್ಮು, ಎಫ್ 22 ಅಂದರೆ 1/8 ಸೆಕೆಂಡು. ಆರೆಂಜ್ ಫಿಲ್ಟರ್ ಹಾಕಿದರೆ ಎರಡು ಸ್ಟಾಪ್ ಹೋಯಿತು (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿದಂತೆ), ಅರ್ಧ ಸೆಕೆಂಡ್. ಕೆಲಸ ಎಲ್ಲ ನಡೆಯುವುದು 1 ಸೆಕೆಂಡ್‌ನಿಂದ 1/15ರ ನಡುವೆ, ಹಳೇ ಶಟರ್ ತೊದಲುವುದೂ ಅಲ್ಲೇ. 1 ಸೆಕೆಂಡಿಗೆ ಇಟ್ಟು ಕಿವಿಯ ಹತ್ತಿರ ಹಿಡಿಯಿರಿ. ಜರ್ರ್ ಅಂತ ಒಂದೇ ಸಮನೆ ಓಡಿ ನಿಲ್ಲಬೇಕು. ನಡುವೆ ಉಸಿರು ಕಟ್ಟಿದರೆ ಗ್ರೀಸ್ ಗಟ್ಟಿಯಾಗಿದೆ. ಮೊಬೈಲಿನಲ್ಲಿ ಸ್ಲೋ ಮೋಷನ್ ಇದ್ದರೆ ಸೆಕೆಂಡಿಗೆ 240 ಫ್ರೇಮ್‌ನಲ್ಲಿ ವಿಡಿಯೋ ತೆಗೆದು ಎಣಿಸಿ. 1/15ಕ್ಕೆ 16 ಫ್ರೇಮ್, 1/30ಕ್ಕೆ 8 ಫ್ರೇಮ್ ತೆರೆದಿರಬೇಕು. 1/15 ಅಂತ ಬರೆದ ಕಡೆ 32 ಬಂದರೆ ಒಂದು ಸ್ಟಾಪ್ ನಿಧಾನ. ಪ್ರತಿ ಸಲ 32 ಬಂದರೆ ಅದನ್ನೇ ಲೆಕ್ಕಕ್ಕೆ ಹಿಡಿದು ಬಳಸಬಹುದು. ಒಮ್ಮೆ 20, ಒಮ್ಮೆ 40 ಬಂದರೆ ಮಾತ್ರ ಸರ್ವಿಸ್ ಆಗಲೇಬೇಕು.

ನಮ್ಮ ತಂದೆಯ ಸ್ಟುಡಿಯೋದಲ್ಲಿ ಇದ್ದದ್ದು ಆಲಪ್ಪುಳದಲ್ಲಿ ತಯಾರಾಗುತ್ತಿದ್ದ ವಾಗೀಶ್ವರಿ ಕ್ಯಾಮೆರಾ. ದಕ್ಷಿಣದ ಎಷ್ಟೋ ಸ್ಟುಡಿಯೋಗಳಲ್ಲಿ ಅದೇ ಇತ್ತು, ತೇಗದ ಮರ, ಹಿತ್ತಾಳೆ ತಿರುಪು. ಲೆನ್ಸಿಗೆ ಶಟರ್ರೇ ಇರಲಿಲ್ಲ. ತಂದೆಯವರು ಕ್ಯಾಪ್ ತೆಗೆದು, ಬಾಯಲ್ಲಿ ಎಣಿಸಿ, ಮತ್ತೆ ಮುಚ್ಚುತ್ತಿದ್ದರು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ನಿಮ್ಮ ಮನೆಗಳು ಅಲುಗಾಡುವುದಿಲ್ಲ. ಹಳೇ ಪ್ರೆಸ್ಸುಗಳ ಪ್ರೋಸೆಸ್ ಕ್ಯಾಮೆರಾದಿಂದ ಬಿಚ್ಚಿದ ಅಪೋ-ರೋನಾರ್ ಎಫ್ 9 ಥರದ, ಶಟರ್ ಇಲ್ಲದ ಲೆನ್ಸ್ ಅಗ್ಗಕ್ಕೆ ಸಿಕ್ಕರೆ ಕ್ಯಾಪ್ ತೆಗೆದು ಮುಚ್ಚಿ ಕೆಲಸ ಮಾಡಬಹುದು. ಅವು 240, 300ರಂಥ ಉದ್ದದವು, ಹಾಗಾಗಿ ನಿಮ್ಮ ಎರಡನೇ ಲೆನ್ಸಿಗೆ ಯೋಚಿಸಿ. ನಿಮ್ಮ ಬೆಲೋಸಿಗೆ 240 ಸರಿ. 300 ಹಾಕಿದರೆ ದೂರದ್ದು ಮಾತ್ರ ಫೋಕಸ್ ಆಗುತ್ತದೆ.

ಇನ್ನೊಂದು ಮಾತು. 4×5 ಹಾಳೆ ದುಬಾರಿ ಅಂತ ಕೆಲವರು ಎಕ್ಸ್‌ರೇ ಫಿಲ್ಮ್ ಕತ್ತರಿಸಿ ಹಾಕುತ್ತಾರೆ. 8×10 ಹಾಳೆಯಲ್ಲಿ ನಾಲ್ಕು ಬರುತ್ತವೆ, ಕೆಂಪು ದೀಪದಲ್ಲಿ ಕಣ್ಣಾರೆ ನೋಡುತ್ತಾ ಡೆವಲಪ್ ಮಾಡಬಹುದು. ಲೆನ್ಸ್, ಶಟರ್ ಪರೀಕ್ಷೆಗೆ ಅದು ತುಂಬಾ ಒಳ್ಳೆಯದು. ಆದರೆ ಅದಕ್ಕೆ ಕೆಂಪು ಕಾಣುವುದಿಲ್ಲ. ಮಂಗಳೂರು ಹೆಂಚು, ರೆಡ್ ಆಕ್ಸೈಡ್ ನೆಲ ಎರಡೂ ಕಪ್ಪು ಬಳಿದಂತೆ ಬರುತ್ತವೆ. ನಿಮ್ಮ ಮನೆಗಳ ಜೀವವೇ ಆ ಹೆಂಚು ಅಲ್ವಾ? ಅದಕ್ಕೆ ಎಫ್‌ಪಿ 4 ಥರದ ಎಲ್ಲ ಬಣ್ಣ ಹಿಡಿಯುವ ಫಿಲ್ಮೇ ಬೇಕು.

ಹೆಂಚಿನಮನೆ:

ಎಲ್ಲರಿಗೂ ತುಂಬಾ ಧನ್ಯವಾದ. ರಟ್ಟು, ದಾರ ಹಿಡಿದುಕೊಂಡು ಹೋಗಿ ಬಂದೆ. ಗಾಂಧಿಬಜಾರಿನ ಹಿಂದಿನ ಅಡ್ಡರಸ್ತೆಯ ಒಂದು ಮನೆ. ಎದುರು ಫುಟ್‌ಪಾತಿನ ಗೋಡೆಗೆ ಬೆನ್ನು ತಾಗಿಸಿ ನಿಂತರೆ ಮನೆಯ ಮುಖಕ್ಕೆ ಸುಮಾರು 12 ಮೀಟರ್. ಅದಕ್ಕಿಂತ ಹಿಂದೆ ಹೋಗಲು ಆಗುವುದಿಲ್ಲ, ಹಿಂದೆ ಇರುವುದು ಬೇರೆಯವರ ಕಾಂಪೌಂಡು. ಮನೆಯ ಅಗಲ ಗೇಟು ಸೇರಿ 15 ಮೀಟರ್ ಇರಬಹುದು. 150ರ ಗಂಟಿನಲ್ಲಿ ಬಾಗಿಲು, ಎರಡು ಕಂಬ, ಒಂದು ಕಿಟಕಿ ಬಂತು, ಅಲ್ಲಿಗೆ ಮುಗೀತು. 135ರಲ್ಲಿ ಅದೇ ಕಥೆ, ಕಿಟಕಿ ಇನ್ನೂ ಸ್ವಲ್ಪ. 90ರ ಗಂಟಿಗೆ ಬಂದ ಕೂಡಲೇ ಇಡೀ ಮನೆ ಕಿಂಡಿಯೊಳಗೆ ಕೂತಿತು, ಈ ಕಡೆ ಪಾರಿಜಾತದ ಗಿಡ, ಆ ಕಡೆ ಬಾವಿಕಟ್ಟೆ ಎರಡೂ ಸೇರಿ. ಹೆಂಚಿನ ತುದಿ ಮಾತ್ರ ಕತ್ತರಿಸುತ್ತಿತ್ತು. ರಟ್ಟನ್ನು ಒಂದು ಬೆರಳಷ್ಟು ಮೇಲೆತ್ತಿದಾಗ ಅದೂ ಬಂತು.

ಜಯನಗರದವರು ಹೇಳಿದ್ದು ಅರ್ಥವಾಗುತ್ತದೆ, ಬಾಗಿಲು ಕಂಬದ ಚಿತ್ರಗಳು ನನಗೂ ಇಷ್ಟ. ಆದರೆ ಒಡೆದು ಹಾಕುವ ಮನೆಗೆ ಇಡೀ ಮನೆಯ ಚಿತ್ರ ಒಂದಾದರೂ ಇರಬೇಕು ಅನ್ನಿಸುತ್ತದೆ. ಅದರ ಚಾವಣಿ ಹೇಗಿತ್ತು, ಗೇಟಿನಿಂದ ಜಗಲಿಗೆ ಎಷ್ಟು ದೂರ, ಪಕ್ಕದ ಮನೆಗೂ ಇದಕ್ಕೂ ನಡುವೆ ಏನಿತ್ತು ಅಂತ ಮುಂದೆ ಯಾರಾದರೂ ಕೇಳಿದರೆ ಬಾಗಿಲಿನ ಚಿತ್ರ ತೋರಿಸಿದರೆ ಸಾಲದು.

ಎರಡು ಪ್ರಶ್ನೆ. ಈ ಮನೆಗೆ ಬೇಕಾಗುವುದು ಸ್ವಲ್ಪವೇ ರೈಸ್, ಹಾಗಾದರೆ ಅಗ್ಗದ ಆಂಗ್ಯುಲಾನ್ ನಡೆಯುತ್ತದಾ? ಅಜ್ಜಿಗೆ ಏನು ಮಾಡಲಿ?

ಕಪ್ಪುಬಟ್ಟೆ:

ನಡೆಯುವುದಿಲ್ಲ. ಲೆಕ್ಕ ನೋಡಿ. 12 ಮೀಟರಿಗೆ 90ರಲ್ಲಿ ಅಡ್ಡಕ್ಕೆ 16 ಮೀಟರ್ ಕಾಣುತ್ತದೆ, 150ರಲ್ಲಿ 9.6. ನಿಮ್ಮ ರಟ್ಟು ಹೇಳಿದ್ದೂ ಅದೇ. ಮನೆಯ ಹೆಂಚಿನ ತುದಿ ನೆಲದಿಂದ 9 ಮೀಟರ್ ಅಂದುಕೊಂಡರೆ ರೈಸ್ 9 ಎಂಎಂ ಬೇಕು, ಅದಕ್ಕೆ ವೃತ್ತ ಸುಮಾರು 165 ಆಗಬೇಕು. ಮೇಲೆ ಸ್ವಲ್ಪ ಆಕಾಶ ಬಿಡಬೇಕಾದರೆ ಇನ್ನೂ ಜಾಸ್ತಿ. 154ರಲ್ಲಿ ಆಗುವ ಮಾತಲ್ಲ. ಊರ ಹೊರಗೆ ಬೆಟ್ಟ ಬಂಡೆ ತೆಗೆಯುವವರಿಗೆ, ಬೆನ್ನ ಮೇಲಿನ ಭಾರ ಕಡಿಮೆ ಇರಲಿ ಅನ್ನುವವರಿಗೆ ಆ ಪುಟ್ಟ ಲೆನ್ಸ್ ಚೆನ್ನ. ನಿಮ್ಮ ಕೆಲಸಕ್ಕಲ್ಲ.

ಸೂಪರ್ ಆಂಗ್ಯುಲಾನ್, ನಿಕ್ಕರ್, ಫ್ಯೂಜಿನಾನ್ ಇವುಗಳಲ್ಲಿ ಯಾವುದಾದರೂ 90 ಎಫ್ 8, ಇಲ್ಲವೇ ಆ ಗ್ರಾಂಡಗಾನ್. ಶಟರ್ ಯಾವುದು ಚೆನ್ನಾಗಿದೆಯೋ ಅದು. ನಿಕ್ಕರ್‌ನಲ್ಲೇ ಎಫ್ 4.5 ಕೂಡ ಇದೆ. ಗ್ರೌಂಡ್ ಗ್ಲಾಸ್ ಬೆಳಗುತ್ತದೆ ನಿಜ, ಆದರೆ ಫಿಲ್ಟರ್ ಅಳತೆಯೇ 82 ಎಂಎಂ, ಮರದ ಕ್ಯಾಮೆರಾದ ಮೂತಿಗೆ ಭಾರ. ಎಫ್ 8ಗೆ 67 ಸಾಕು. ಕತ್ತಲೆಯ ಸಮಸ್ಯೆಗೆ ಮೂಲೆಗಳಿಗೂ ಬೆಳಕು ತರುವ ಒಂದು ಫ್ರೆನೆಲ್ ಹಾಳೆ ಹಾಕಿಸಿ, ಮೂಲೆ ನೋಡುವಾಗ ತಲೆಯನ್ನು ಆ ಮೂಲೆಗೂ ಲೆನ್ಸಿಗೂ ನೇರವಾಗುವ ಹಾಗೆ ವಾಲಿಸಿ ನೋಡಿ, ಕಾಣುತ್ತದೆ. ಅಲ್ಲದೆ 90ರಲ್ಲಿ ಫೋಕಸ್ ಅಷ್ಟು ಕಾಡುವುದೂ ಇಲ್ಲ. ಎಫ್ 22ರಲ್ಲಿ ಸುಮಾರು 3.7 ಮೀಟರಿಗೆ ಫೋಕಸ್ ಇಟ್ಟರೆ ಎರಡು ಮೀಟರ್ ಒಳಗಿನಿಂದ ಹಿಡಿದು ಕೊನೆಯವರೆಗೆ ಸ್ಪಷ್ಟ. 150ರಲ್ಲಿ ಅದೇ ಲೆಕ್ಕಕ್ಕೆ 10 ಮೀಟರ್ ಆಗುತ್ತದೆ.

ಅಜ್ಜಿ ವಿಚಾರ. ಭುಜದವರೆಗಿನ ಮುಖ ಹಾಳೆ ತುಂಬ ಬರಬೇಕಾದರೆ 90ರಲ್ಲಿ ಅರ್ಧ ಮೀಟರಿಗಿಂತ ಹತ್ತಿರ ಹೋಗಬೇಕು. ಅದು ಬೇಡವೇ ಬೇಡ. ಆದರೆ 150ರಲ್ಲೂ 80 ಸೆಂಟಿಮೀಟರ್ ಒಳಗೇ, ಅದೂ ಮುಖಕ್ಕೆ ಒಳ್ಳೆಯದಲ್ಲ. 210ರಲ್ಲಿ ಒಂದು ಮೀಟರ್ ದಾಟುತ್ತದೆ. ಆಗ ಬೆಲೋಸ್ ಸುಮಾರು 260 ಬೇಕು, ನಿಮ್ಮಲ್ಲಿ 300 ಇದೆ. ಅಷ್ಟು ಎಳೆದಾಗ ಬೆಳಕು ಅರ್ಧ ಸ್ಟಾಪಿಗಿಂತ ಸ್ವಲ್ಪ ಜಾಸ್ತಿ ಕಡಿಮೆಯಾಗುತ್ತದೆ, ಅದನ್ನು ಎಕ್ಸ್‌ಪೋಷರಿಗೆ ಸೇರಿಸಬೇಕು. ಹಾಗಾಗಿ ಈಗ 90, ದುಡ್ಡಾದಾಗ 210. ನಿಕ್ಕರ್-ಡಬ್ಲ್ಯೂ 210ರ ಫಿಲ್ಟರ್ ಅಳತೆಯೂ 67, ಒಂದೇ ಆರೆಂಜ್ ಫಿಲ್ಟರ್ ಎರಡಕ್ಕೂ ಆಗುತ್ತದೆ.

ಅಲ್ಲಿಯವರೆಗೆ ಅಜ್ಜಿಯನ್ನು ಕಾಯಿಸಬೇಡಿ. ಜಗಲಿಯಲ್ಲೋ ಅಡುಗೆಮನೆ ಬಾಗಿಲಲ್ಲೋ ಕೂರಿಸಿ ಮೂರು ಮೀಟರ್ ಹಿಂದೆ ನಿಂತು 90ರಲ್ಲೇ ತೆಗೆಯಿರಿ. ಅವರನ್ನು ಹಾಳೆಯ ನಡುಭಾಗದಲ್ಲಿ ಇಡಿ, ಅಂಚಿಗೆ ಹೋದರೆ ಮುಖ ಎಳೆದಂತೆ ಬರುತ್ತದೆ. ಅವರ ಸುತ್ತಲಿನ ನಾಲ್ಕು ಮೀಟರ್ ಮನೆಯೂ ಚಿತ್ರದಲ್ಲಿ ಬರುತ್ತದೆ. ನಿಮ್ಮ ಆಸಕ್ತಿ ನೋಡಿದರೆ ನಿಮಗೆ ಬೇಕಾದ ಪೋರ್ಟ್ರೇಟೂ ಅದೇ ಇರಬಹುದು.

ಜಯನಗರ ಫೋರ್ತ್ ಬ್ಲಾಕ್:

12 ಮೀಟರ್ ಅಂದ ಮೇಲೆ ನನ್ನ ವಾದ ಬಿಟ್ಟೆ. 90 ತಗೊಳ್ಳಿ. ಮರದ ಕ್ಯಾಮೆರಾದಲ್ಲಿ 90 ಹಾಕಿದಾಗ ಬೆಲೋಸ್ ಮಡಿಕೆ ಮಡಿಕೆಯಾಗಿ ಒತ್ತಿಕೊಂಡಿರುತ್ತದೆ, ರೈಸ್ ಕೊಡಲು ಹೋದರೆ ವಾಪಸ್ ತಳ್ಳುತ್ತದೆ. ಲೆನ್ಸ್ ಬರುವ ಮೊದಲೇ ಮುಂಭಾಗವನ್ನು ಹಿಂಭಾಗದಿಂದ 9-10 ಸೆಂಟಿಮೀಟರ್ ದೂರಕ್ಕೆ ತಂದು ಎಷ್ಟು ಮೇಲೇಳುತ್ತದೆ ಅಂತ ಸ್ಕೇಲ್ ಇಟ್ಟು ನೋಡಿ. ಗೋಪುರಕ್ಕೆ 23 ಎಂಎಂ ಬೇಕು ಅಂದರಲ್ಲ, ಅಷ್ಟು ಬರದಿದ್ದರೆ ಬೇರೆ ದಾರಿ ಇದೆ: ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡಿ, ಮುಂಭಾಗ ಹಿಂಭಾಗ ಎರಡನ್ನೂ ಮತ್ತೆ ನೆಟ್ಟಗೆ ನಿಲ್ಲಿಸಿ. ರೈಸ್ ಕೊಟ್ಟಷ್ಟೇ ಫಲ. ಹಾಳೆ ನಿಲ್ಲಿಸಿ ತೆಗೆಯುವಾಗ ಕ್ಯಾಮೆರಾದ ಮುಂದಿನ ಹಲಗೆ ಚಿತ್ರದ ಕೆಳಗೆ ಇಣುಕುತ್ತದಾ ಅಂತಲೂ ನೋಡಿಕೊಳ್ಳಿ.

ಹಳೇ ಸ್ಟುಡಿಯೋ:

ಮೂಲೆ ಕತ್ತರಿಸುತ್ತಿದೆಯಾ ಅಂತ ತಿಳಿಯುವ ವಿಧಾನ ಒಂದು ಹೇಳಿಬಿಡುತ್ತೇನೆ. ಬಹಳ ಕ್ಯಾಮೆರಾಗಳ ಗ್ರೌಂಡ್ ಗ್ಲಾಸಿನ ನಾಲ್ಕು ಮೂಲೆ ಕತ್ತರಿಸಿರುತ್ತಾರೆ. ರೈಸ್ ಕೊಟ್ಟು, ಎಫ್ 22ಕ್ಕೆ ಇಳಿಸಿ, ಆ ಕತ್ತರಿಸಿದ ಮೂಲೆಯಿಂದ ಲೆನ್ಸಿನೊಳಗೆ ಇಣುಕಿ ನೋಡಿ. ಡಯಾಫ್ರಾಮಿನ ಕಿಂಡಿ ಪೂರ್ತಿ ಕಂಡರೆ ಆ ಮೂಲೆಗೆ ಬೆಳಕು ಬೀಳುತ್ತದೆ. ಒಂದು ಬದಿ ಕತ್ತರಿಸಿದಂತೆ ಕಂಡರೆ ರೈಸ್ ಇಳಿಸಿ. ಲೆನ್ಸ್ ಮೇಲೆತ್ತಿದಾಗ ಚಿತ್ರದ ಮೇಲ್ಭಾಗ ಬೀಳುವುದು ಗ್ರೌಂಡ್ ಗ್ಲಾಸಿನ ಕೆಳಗಿನ ಮೂಲೆಗಳಲ್ಲಿ. ನೋಡಬೇಕಾದದ್ದು ಆ ಎರಡನ್ನು.

ಬೋರ್ಡ್ ತರಿಸುವಾಗ ತೂತಿನ ಅಳತೆ ಹೇಳಲು ಮರೆಯಬೇಡಿ. 90 ಎಫ್ 8 ಸಾಮಾನ್ಯವಾಗಿ ಕೋಪಾಲ್ 0 ಶಟರಿನಲ್ಲಿ ಬರುತ್ತದೆ, ಅದಕ್ಕೆ 34.6 ಎಂಎಂ. ಮುಂದೆ 210 ತೆಗೆದುಕೊಂಡರೆ ಅದು ಕೋಪಾಲ್ 1, ಅದಕ್ಕೆ 41.6. 34.6ರ ಟೆಕ್ನಿಕಾ ಬೋರ್ಡ್ ನನ್ನ ಹತ್ತಿರ ಒಂದು ಸುಮ್ನೆ ಬಿದ್ದಿದೆ, ರಿಂಗ್ ಬಿಗಿ ಮಾಡುವ ಸ್ಪ್ಯಾನರೂ ಇದೆ. ಲೆನ್ಸ್ ಬಂದ ಮೇಲೆ ಮೆಸೇಜ್ ಮಾಡಿ, ಭಾನುವಾರ ಕೂತು ಹಾಕೋಣ. ಶಟರ್ ಕೂಡ ಅವತ್ತೇ ಎಣಿಸಿ ನೋಡಿಬಿಡೋಣ.

ಹೆಂಚಿನಮನೆ:

ರೈಸ್ ಅಳೆದೆ. 95 ಎಂಎಂ ದೂರದಲ್ಲಿ 20 ಎಂಎಂವರೆಗೆ ಸಲೀಸಾಗಿ ಏಳುತ್ತದೆ, ಅದರ ಮೇಲೆ ಬೆಲೋಸ್ ತಳ್ಳುತ್ತದೆ. ಮನೆಗಳಿಗೆ ಧಾರಾಳ, ಗೋಪುರಕ್ಕೆ ಓರೆ ಮಾಡುವ ದಾರಿ ಹಿಡಿಯುತ್ತೇನೆ. ಆಂಗ್ಯುಲಾನ್ ಮಾರುವವರಿಗೆ ಬೇಡ ಅಂತ ಹೇಳಿಯಾಯಿತು. ಶಟರ್ ಸರ್ವಿಸ್ ಆಗಿರುವ ಒಂದು ನಿಕ್ಕರ್ 90 ಎಫ್ 8 ನೋಡಿದ್ದೇನೆ. ಮಾರುವವರಿಗೆ 1 ಸೆಕೆಂಡ್ ಮತ್ತು 1/15ರ ಸ್ಲೋ ಮೋಷನ್ ವಿಡಿಯೋ ಕಳಿಸಿ ಅಂತ ಕೇಳಿದ್ದೇನೆ, ಬಂದ ಕೂಡಲೇ ಇಲ್ಲಿ ಹಾಕುತ್ತೇನೆ. ಫ್ರೇಮ್ ಎಣಿಸುವಾಗ ಬ್ಲೇಡ್ ತೆರೆಯಲು ಶುರುವಾದಲ್ಲಿಂದ ಲೆಕ್ಕ ಹಿಡಿಯಬೇಕಾ, ಪೂರ್ತಿ ತೆರೆದ ಮೇಲಿಂದಲಾ?

ಹಳೇ ಸ್ಟುಡಿಯೋ:

ಅರ್ಧ ತೆರೆದಲ್ಲಿಂದ ಅರ್ಧ ಮುಚ್ಚಿದಲ್ಲಿವರೆಗೆ. ನಿಧಾನದ ಸ್ಪೀಡುಗಳಲ್ಲಿ ಒಂದು ಫ್ರೇಮ್ ಆಚೀಚೆ ಆದರೆ ಪರವಾಗಿಲ್ಲ. ಒಂದೇ ಸ್ಪೀಡಿನಲ್ಲಿ ಬಿಡದೆ ಐದಾರು ಸಲ ಹೊಡೆದ ವಿಡಿಯೋ ಕೇಳಿ.